ತೋಟಕ್ಕೆ ಎಐ ತರೋ ಮೊದಲು ತೋಟದವರ ಮಾತು ಕೇಳಿ

ಹೋದ ವರ್ಷ ಬೇಸಿಗೆಯಲ್ಲಿ ಫೋನಿನ ಮಾತು ಕೇಳಿ 38 ಟೊಮೆಟೊ ಗಿಡ ಕಿತ್ತು ಹಾಕಿದೆ. ಆ ಗಿಡಗಳಿಗೆ ಯಾವ ರೋಗವೂ ಇರಲಿಲ್ಲ. ತೋಟಗಾರಿಕೆ ಓದಿದವನಾಗಿ ಇದನ್ನ ಬರೆಯೋಕೆ ನಾಚಿಕೆಯೇ ಆಗುತ್ತೆ. ಆದರೆ ಈ ವಾರದ ಪಾಠ ಶುರುವಾಗೋದೇ ಅಲ್ಲಿಂದ.

ಈಗ ನಮ್ಮೆಲ್ಲರ ಫೋನಿನಲ್ಲೂ ಒಂದಲ್ಲ ಒಂದು ಎಐ ಇದೆ. ಎಲೆ ಫೋಟೊ ತೆಗೆದರೆ ರೋಗದ ಹೆಸರು ಹೇಳೋ ಆ್ಯಪ್, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರ ಕೊಡೋ ಚಾಟ್, ಇಂಗ್ಲಿಷ್ ಲೇಬಲ್ ಓದಿ ಹೇಳೋ ಕ್ಯಾಮೆರಾ. ಇವನ್ನ ಬಳಸೋದು ಹೇಗೆ ಅಂತ ತೋರಿಸೋ ವಿಡಿಯೊಗಳಿಗೆ ಬರವಿಲ್ಲ. ಆದರೆ ತೋಟದಲ್ಲಿ ನಾವೊಬ್ಬರೇ ಇರಲ್ಲ. ಕಳೆ ತೆಗೆಯೋ ಅಕ್ಕಂದಿರು, ನೀರು ಬಿಡೋ ಅಣ್ಣ, ಮನೆಯ ಹಿರಿಯರು ಎಲ್ಲರೂ ಇರ್ತಾರೆ. ಅವರನ್ನ ಜೊತೆಗೆ ಕರೆದುಕೊಂಡು ಹೋಗೋದು ಹೇಗೆ? ಅದನ್ನ ನಾನು ತಪ್ಪು ಮಾಡಿಯೇ ಕಲಿತದ್ದು.

ಆವತ್ತು ಆಗಿದ್ದೇನು

ನಮ್ಮದು ತುಮಕೂರು ಕಡೆ ನಾಲ್ಕು ಎಕರೆ ಸಾವಯವ ತೋಟ. ಟೊಮೆಟೊ, ಬೀನ್ಸ್, ಸೊಪ್ಪು, ಬದುವಿನಲ್ಲಿ ನುಗ್ಗೆ, ಮಳೆಗಾಲಕ್ಕೆ ರಾಗಿ. ಖಾಯಂ ಕೆಲಸಕ್ಕೆ ಬರೋರು ನಾಲ್ಕು ಜನ. ಅವರಲ್ಲಿ ಹಿರಿಯವರನ್ನ ನಾವೆಲ್ಲ ದೊಡ್ಡಕ್ಕ ಅಂತೀವಿ. ಓದು ಬರಹ ಇಲ್ಲ. ಮೂವತ್ತು ವರ್ಷದಿಂದ ತರಕಾರಿ ಕೆಲಸ ಮಾಡಿದವರು. ಇನ್ನೊಬ್ಬ ಅಕ್ಕ, ಪಂಪು ಮತ್ತು ಡ್ರಿಪ್ ನೋಡಿಕೊಳ್ಳೋ ದೊಡ್ಡಣ್ಣ, ಪಿಯುಸಿ ಮುಗಿಸಿ ಬಂದಿರೋ ಒಬ್ಬ ಹುಡುಗ.

ಒಂದು ಮಧ್ಯಾಹ್ನ ಟೊಮೆಟೊದ ಕೊನೇ ಎರಡು ಸಾಲು ಸೊರಗಿ ನಿಂತಿದ್ದವು. ಎಲೆ ಹಸಿರಾಗೇ ಇತ್ತು, ಗಿಡ ಮಾತ್ರ ಜೋತು ಬಿದ್ದಿತ್ತು. ಫೋಟೊ ತೆಗೆದು ಆ್ಯಪಿಗೆ ಹಾಕಿದೆ. ದುಂಡಾಣು ಸೊರಗು ರೋಗ, ಗಿಡ ಕಿತ್ತು ನಾಶಮಾಡಿ ಅಂತ ಬಂತು. ಈ ರೋಗ ಮಣ್ಣಿನಲ್ಲಿ, ಹರಿಯೋ ನೀರಿನಲ್ಲಿ ಹರಡುತ್ತೆ ಅಂತ ನನಗೂ ಗೊತ್ತಿತ್ತಲ್ಲ, ಗಾಬರಿ ಆಯ್ತು.

ದೊಡ್ಡಕ್ಕ ಪಕ್ಕದಲ್ಲೇ ಇದ್ದರು. "ಮೊದ್ಲು ಬುಡ ಕೆದಕಿ ನೋಡಪ್ಪ, ಮಣ್ಣು ಬೂದಿ ಇದ್ದಂಗೈತೆ" ಅಂದರು.

ನಾನು ನಕ್ಕು, "ಅಕ್ಕ, ಇದು ಲಕ್ಷಗಟ್ಟಲೆ ಫೋಟೊ ನೋಡಿ ಕಲ್ತಿರೋದು" ಅಂದೆ. ಉಳಿದವರೆಲ್ಲ ಅಲ್ಲೇ ನಿಂತಿದ್ದರು. ದೊಡ್ಡಕ್ಕ ಮತ್ತೆ ಮಾತಾಡಲಿಲ್ಲ. ಸಂಜೆಯೊಳಗೆ 38 ಗಿಡ ಕಿತ್ತೆವು.

ಮಾರನೇ ದಿನ ಅದರ ಪಕ್ಕದ ಸಾಲೂ ಬಾಡಿತು. ಆಗ ದೊಡ್ಡಣ್ಣ ಲ್ಯಾಟರಲ್ ಪೈಪಿನ ತುದಿ ಬಿಚ್ಚಿದ. ಕಂದು ಬಣ್ಣದ ಲೋಳೆ ಇಳಿಯಿತು. ಹಿಂದಿನ ವಾರ ಡ್ರಿಪ್‌ನಲ್ಲಿ ಜೀವಾಮೃತ ಬಿಟ್ಟಿದ್ದೆವು, ಶೋಧಿಸೋ ಬಟ್ಟೆ ಹರಿದಿತ್ತು. ಸಗಣಿ ನಾರು, ದ್ವಿದಳ ಧಾನ್ಯದ ಹಿಟ್ಟು ಎಲ್ಲ ಡ್ರಿಪ್ಪರ್‌ಗಳಿಗೆ ಕಟ್ಟಿಕೊಂಡಿದ್ದವು. ಗಿಡಗಳು ನೀರಿಲ್ಲದೆ ಬಾಡಿದ್ದವು, ಅಷ್ಟೇ. ದೊಡ್ಡಕ್ಕ ಹೇಳಿದಂತೆ ಬೆರಳಿನಷ್ಟು ಮಣ್ಣು ಕೆದಕಿದ್ದರೆ ಅಲ್ಲೇ ತಿಳೀತಿತ್ತು.

ಇಲ್ಲೊಂದು ವಿಷಯ ನೆನಪಿಟ್ಟುಕೊಳ್ಳಿ. ದುಂಡಾಣು ಸೊರಗು ರೋಗ ಅಂತ ಅನುಮಾನ ಬಂದರೆ ಒಂದು ಗಿಡದ ಕಾಂಡವನ್ನ ಬುಡದ ಹತ್ತಿರ ಕತ್ತರಿಸಿ, ಆ ತುಂಡಿನ ತುದಿ ಗಾಜಿನ ಲೋಟದ ತಿಳಿ ನೀರಿಗೆ ತಾಗೋ ಹಾಗೆ ಹಿಡಿಯಿರಿ. ರೋಗ ಇದ್ದರೆ ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯುತ್ತೆ. ಕಾಲೇಜಿನಲ್ಲಿ ನಾನೇ ಮಾಡಿದ್ದ ಪರೀಕ್ಷೆ ಇದು. ಫೋನ್ ಕೈಯಲ್ಲಿದ್ದಾಗ ನೆನಪಿಗೇ ಬರಲಿಲ್ಲ.

38 ಗಿಡಕ್ಕಿಂತ ದೊಡ್ಡ ನಷ್ಟ

ಗಿಡ ಹೋಗಿದ್ದು ಹೋಯ್ತು. ನಿಜವಾದ ನಷ್ಟ ಗೊತ್ತಾಗಿದ್ದು ಮೂರು ವಾರದ ಮೇಲೆ. ಟೊಮೆಟೊದ ಇನ್ನೊಂದು ಮಡಿಯಲ್ಲಿ ಎಲೆಯೊಳಗೆ ಸುರಂಗ ಕೊರೆಯೋ ಟುಟಾ ಹುಳು ಬಿದ್ದಿತ್ತು. ನಾನು ನೋಡುವಷ್ಟರಲ್ಲಿ ಕಾಯಿಗೂ ಇಳಿದಿತ್ತು. ಮೋಹಕ ಬಲೆ ಕಟ್ಟೋಕೆ, ಹುಳು ಬಿದ್ದ ಎಲೆ ಆರಿಸಿ ತೆಗೆಯೋಕೆ ಆಗಲೇ ತಡ. ವಿಚಾರಿಸಿದರೆ, ದೊಡ್ಡಕ್ಕನಿಗೆ ವಾರದ ಹಿಂದೆಯೇ ಎಲೆ ಮೇಲಿನ ಮಚ್ಚೆ ಕಂಡಿತ್ತಂತೆ.

"ಯಾಕಕ್ಕ ಹೇಳ್ಲಿಲ್ಲ?"

"ನಿನ್ ಫೋನು ಹೇಳಿರ್ತದೆ ಅನ್ಕಂಡೆ ಕಣಪ್ಪ."

ಕೊಂಕು ಮಾತಾಗಿದ್ದರೆ ನನಗೆ ಇಷ್ಟು ನೋವಾಗ್ತಿರಲಿಲ್ಲ. ಅವರು ಅದನ್ನ ಸಹಜವಾಗೇ ಹೇಳಿದರು. ಇನ್ನು ತಮ್ಮ ಮಾತು ಈ ತೋಟಕ್ಕೆ ಬೇಕಾಗಿಲ್ಲ ಅಂತ ನಿಜವಾಗಿಯೂ ಅಂದುಕೊಂಡಿದ್ದರು. ದಿನಾ ಗಿಡದ ಬುಡದಲ್ಲೇ ಇರೋ ಎರಡು ಕಣ್ಣುಗಳನ್ನ ನಾನೇ ಮುಚ್ಚಿಸಿದ್ದೆ.

ಹೊಸ ತಂತ್ರಜ್ಞಾನ ಅಂದರೆ ಹಳಬರಿಗೆ ಭಯ ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ನಮ್ಮ ತೋಟದಲ್ಲಿ ಯಾರಿಗೂ ಫೋನಿನ ಭಯ ಇರಲಿಲ್ಲ. ದೊಡ್ಡಕ್ಕನೇ ರಾತ್ರಿ ಮೊಮ್ಮಗನ ಜೊತೆ ಯೂಟ್ಯೂಬ್ ನೋಡ್ತಾರೆ. ತನ್ನ ಅನುಭವಕ್ಕೆ ಬೆಲೆ ಹೋಗುತ್ತೆ, ನಾಳೆ ಕೂಲಿಯೂ ಹೋಗಬಹುದು ಅನ್ನೋದೇ ಅವರ ಚಿಂತೆ. ಅದಕ್ಕೆ ಉತ್ತರ ಕೊಡದೆ ಎಷ್ಟು ಆ್ಯಪ್ ಹಾಕಿಕೊಂಡರೂ ಪ್ರಯೋಜನವಿಲ್ಲ.

ಮತ್ತೆ ಶುರು ಮಾಡಿದಾಗ ನಾವು ಅನುಸರಿಸಿದ ಕ್ರಮ ಇದು. ನಿಮ್ಮ ತೋಟಕ್ಕೆ ತಕ್ಕ ಹಾಗೆ ಬದಲಾಯಿಸಿಕೊಳ್ಳಿ.

1. ಮೊದಲು ತಪ್ಪು ಒಪ್ಪಿಕೊಳ್ಳಿ, ಕೂಲಿಯ ಮಾತು ಬಿಡಿಸಿ ಹೇಳಿ

ಒಂದು ದಿನ ಟೀ ಹೊತ್ತಿನಲ್ಲಿ ಎಲ್ಲರೂ ಕೂತಿದ್ದಾಗ, "38 ಗಿಡ ಹೋಗಿದ್ದು ನನ್ನ ತಪ್ಪು, ದೊಡ್ಡಕ್ಕ ಸರಿಯಾಗೇ ಹೇಳಿದ್ದರು" ಅಂದೆ. ಎಲ್ಲರ ಮುಂದೆ ತಳ್ಳಿಹಾಕಿದ ಮಾತನ್ನ ಎಲ್ಲರ ಮುಂದೆಯೇ ಎತ್ತಿ ಹಿಡಿಯಬೇಕು. ಒಬ್ಬರನ್ನೇ ಕರೆದು ಹೇಳಿದರೆ ಸಾಲದು.

ಆಮೇಲೆ ಎರಡು ಮಾತು ಖಚಿತ ಮಾಡಿದೆ. ಈ ಆ್ಯಪ್‌ಗಳಿಂದ ಯಾರ ದಿನಗೂಲಿಯೂ ಕಡಿಮೆ ಆಗಲ್ಲ, ಯಾರ ಕೆಲಸವೂ ಹೋಗಲ್ಲ. ಕ್ಯಾಮೆರಾ ಗಿಡದ ಮೇಲೆ ಮಾತ್ರ, ಮನುಷ್ಯರ ಫೋಟೊ ಕೇಳದೆ ತೆಗೆಯಲ್ಲ. ಎರಡನೇ ಮಾತು ಯಾಕೆ ಅಂತೀರಾ? ನಾನು ಫೋನ್ ಹಿಡಿದು ಸಾಲಿನಲ್ಲಿ ಓಡಾಡೋದು ನೋಡಿ, ಯಾರು ಎಷ್ಟು ಕೆಲಸ ಮಾಡ್ತಾರೆ ಅಂತ ಲೆಕ್ಕ ಇಡ್ತಿದ್ದೀನಿ ಅಂತ ಇನ್ನೊಬ್ಬ ಅಕ್ಕ ಅಂದುಕೊಂಡಿದ್ದರು. ನನಗೆ ಅದು ಹೊಳೆದೇ ಇರಲಿಲ್ಲ. ಕೇಳಿದ ಮೇಲೆ ಗೊತ್ತಾಗಿದ್ದು. ಹಾಗಾಗಿ ನೀವೂ ಕೇಳಿ.

ಈ ಮಾತು ಉಳಿಸಿಕೊಳ್ಳೋಕೆ ಆಗಲ್ಲ ಅನ್ನೋದಾದರೆ ಕೊಡಲೇಬೇಡಿ. ಸುಳ್ಳು ಭರವಸೆ ಕೊಟ್ಟರೆ ಮುಂದಿನ ಯಾವ ಹೆಜ್ಜೆಯೂ ನಡೆಯಲ್ಲ.

2. ಅವರ ಕಷ್ಟದಿಂದ ಶುರು ಮಾಡಿ

ಗಿಡದ ರೋಗ ಗುರುತಿಸೋದು ನನ್ನ ಅವಸರ. ಅವರ ತಲೆಬಿಸಿ ಬೇರೆಯೇ ಇತ್ತು. ಒಬ್ಬ ಅಕ್ಕನ ಗಂಡನಿಗೆ ಪಿಎಂ ಕಿಸಾನ್ ಹಣ ಯಾಕೆ ನಿಂತಿದೆ ಅಂತ ಗೊತ್ತಿರಲಿಲ್ಲ. ದೊಡ್ಡಣ್ಣನಿಗೆ ಪಂಪಿನ ಪೆಟ್ಟಿಗೆ ಮೇಲಿನ ಇಂಗ್ಲಿಷ್ ಅರ್ಥ ಆಗ್ತಿರಲಿಲ್ಲ.

ಪಿಎಂ ಕಿಸಾನ್ ಬಗ್ಗೆ ಕೇಳೋಕೆ ಕೇಂದ್ರ ಸರ್ಕಾರ 2023ರಲ್ಲಿ ಕಿಸಾನ್ ಇ-ಮಿತ್ರ ಅನ್ನೋ ಎಐ ಚಾಟ್ ತಂದಿದೆ. ಕನ್ನಡದಲ್ಲೂ ಕೇಳಬಹುದು. ಆ ಅಕ್ಕನ ಕೈಗೇ ಫೋನ್ ಕೊಟ್ಟು ಅವರಿಂದಲೇ ಕೇಳಿಸಿದೆವು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ, ಇ-ಕೆವೈಸಿ ಆಗಿದೆಯಾ ನೋಡಬೇಕು ಅಂತ ತಿಳೀತು. ಫೋನ್ ಕ್ಯಾಮೆರಾದಲ್ಲಿ ಪಂಪಿನ ಲೇಬಲ್ ಕನ್ನಡಕ್ಕೆ ತಿರುಗಿಸಿ ದೊಡ್ಡಣ್ಣನಿಗೆ ತೋರಿಸಿದ್ದೂ ಅದೇ ವಾರ.

ಈ ಎರಡು ಕೆಲಸದಿಂದ ತೋಟಕ್ಕೆ ಲಾಭವಿಲ್ಲ. ಆದರೆ "ಇದು ನಮಗೂ ಬರ್ತದೆ" ಅನ್ನೋ ಮಾತು ಮೊದಲು ಕೇಳಿಸಿದ್ದು ಆವಾಗಲೇ. ಒಂದು ಎಚ್ಚರಿಕೆ ಮಾತ್ರ: ಆಧಾರ್ ನಂಬರ್, ಬ್ಯಾಂಕ್ ಖಾತೆ, ಒಟಿಪಿ ಇವನ್ನ ಯಾವ ಸಾಮಾನ್ಯ ಎಐ ಚಾಟ್‌ನಲ್ಲೂ ಹಾಕಬೇಡಿ. ಇದನ್ನ ಮೊದಲ ದಿನವೇ ಎಲ್ಲರಿಗೂ ಹೇಳಿಕೊಡಿ.

3. ಒಂದು ಬೆಳೆ, ಒಂದು ಆ್ಯಪ್, ಒಂದು ತಿಂಗಳು

ನಾನು ಮೊದಲ ಸಲ ಐದು ಆ್ಯಪ್ ಹಾಕಿಸಿದ್ದೆ. ಯಾವುದೂ ಯಾರ ಕೈಗೂ ಹತ್ತಲಿಲ್ಲ. ಎರಡನೇ ಸಲ ಟೊಮೆಟೊ ಒಂದಕ್ಕೇ, ಫೋಟೊ ನೋಡಿ ಹೇಳೋ ಒಂದೇ ಆ್ಯಪ್ ಇಟ್ಟುಕೊಂಡೆವು. ಪ್ರತಿ ಸೋಮವಾರ ಬೆಳಿಗ್ಗೆ ಅರ್ಧ ಗಂಟೆ ಅದೇ ಕೆಲಸ. ಆ ಅರ್ಧ ಗಂಟೆ ಕೂಲಿ ಹೊತ್ತಿನಲ್ಲೇ ಸೇರಬೇಕು. ಊಟದ ಬಿಡುವಿನಲ್ಲಿ ಕಲೀರಿ ಅಂದರೆ ಯಾರೂ ಕಲಿಯಲ್ಲ, ಕಲಿಯಬೇಕಾಗೂ ಇಲ್ಲ.

ಫೋನ್ ತೋಟದ್ದು, ಡೇಟಾ ಖರ್ಚೂ ತೋಟದ್ದು. ಮನೆಯಲ್ಲಿದ್ದ ಹಳೇ ಸ್ಮಾರ್ಟ್‌ಫೋನನ್ನೇ ಅದಕ್ಕೆ ಬಿಟ್ಟೆವು. ಕೈಗೆ ಮಣ್ಣು ಮೆತ್ತಿದ್ದರೂ ಮುಟ್ಟಬಹುದಾದ ಫೋನ್ ಅದು. ಮಾಲೀಕರ ಹೊಸ ಫೋನಾದರೆ ಬಿದ್ದರೇನು ಗತಿ ಅಂತ ಯಾರೂ ಮುಟ್ಟಲ್ಲ.

ಕಲಿಸೋ ಜವಾಬ್ದಾರಿ ಹುಡುಗನದು. ಅವನಿಗೆ ಒಂದೇ ಷರತ್ತು: ಯಾರು ಏನೇ ತಪ್ಪು ಒತ್ತಿದರೂ ನಗಬಾರದು, ಫೋನ್ ಕಿತ್ತುಕೊಂಡು ತಾನೇ ಮಾಡಬಾರದು.

4. ಮೊದಲು ಮನುಷ್ಯರ ಮಾತು, ಆಮೇಲೆ ಫೋನು

ನಮ್ಮ ತೋಟದಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬಂದ ನಿಯಮ ಇದು. ಗಿಡದಲ್ಲಿ ಏನೋ ಕಂಡರೆ ಫೋನ್ ಜೇಬಿನಿಂದ ತೆಗೆಯೋ ಮುಂಚೆ ಅಲ್ಲಿರೋ ಎಲ್ಲರೂ ತಮ್ಮ ಅಂದಾಜು ಹೇಳಬೇಕು. ಹುಡುಗ ಅದನ್ನ ನೋಟ್‌ಬುಕ್ಕಿನಲ್ಲಿ ಬರೀತಾನೆ. ಆಮೇಲೆ ಫೋಟೊ. ಫೋನ್ ಮೊದಲು ಮಾತಾಡಿದರೆ ಉಳಿದವರ ಬಾಯಿ ಕಟ್ಟಿಹೋಗುತ್ತೆ. ನನ್ನ ಬಾಯಿಯೂ ಕಟ್ಟಿತ್ತಲ್ಲ.

ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಸಾಕು:

- ಏನು ಕಂಡಿತು, ಯಾವ ಸಾಲು
- ನಾವು ಏನಂದುಕೊಂಡೆವು
- ಫೋನ್ ಏನು ಹೇಳಿತು
- ಪರೀಕ್ಷೆ ಮಾಡಿದ ಮೇಲೆ ಏನಾಗಿತ್ತು

ಕೊನೇ ಕಾಲಂ ತುಂಬದೆ ಏನೂ ಸಿಂಪಡಿಸಲ್ಲ, ಏನೂ ಕೀಳಲ್ಲ. ಪರೀಕ್ಷೆ ಅಂದರೆ ದೊಡ್ಡದೇನಲ್ಲ. ಬುಡದ ಮಣ್ಣು ಮುಟ್ಟೋದು, ಒಂದು ಗಿಡದ ಬೇರು ನೋಡೋದು, ಎಲೆ ತಿರುಗಿಸಿ ಕೆಳಮೈ ನೋಡೋದು, ಬೇಕಾದರೆ ಲೋಟದ ನೀರಿನ ಪರೀಕ್ಷೆ.

ಎರಡು ತಿಂಗಳಲ್ಲಿ ನಮ್ಮ ಪುಸ್ತಕದಲ್ಲಿ 17 ದಾಖಲೆ ಆದವು. ನಾವೂ ಫೋನೂ ಇಬ್ಬರೂ ಸರಿ ಇದ್ದದ್ದು 8 ಸಲ. ಫೋನ್ ಸರಿ, ನಾವು ತಪ್ಪಿದ್ದು 4 ಸಲ. ನಾವು ಸರಿ, ಫೋನ್ ತಪ್ಪಿದ್ದು 3 ಸಲ. ಇಬ್ಬರೂ ತಪ್ಪಿದ್ದು 2 ಸಲ. ಆ ಎರಡಕ್ಕೆ ಗಿಡ ಹಿಡಿದುಕೊಂಡು ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆವು. ಇದು ನಮ್ಮ ಒಂದು ತೋಟದ ಲೆಕ್ಕ, ನಿಮ್ಮಲ್ಲಿ ಬೇರೆ ಬರಬಹುದು. ನಮಗೆ ಮುಖ್ಯವಾಗಿದ್ದು ಅಂಕಿಗಿಂತ ಆ ಪುಸ್ತಕ. ದೊಡ್ಡಕ್ಕನ ಅಂದಾಜು ತೋಟದಲ್ಲಿ ಮೊದಲ ಸಲ ಬರಹಕ್ಕೆ ಬಂತು. ಫೋನ್ ಗೆದ್ದ ಆ ನಾಲ್ಕು ಸಲವೂ ಪುಸ್ತಕದಲ್ಲಿ ಇರೋದರಿಂದ, ಅದನ್ನ ಪೂರ್ತಿ ತಳ್ಳಿಹಾಕೋಕೂ ಯಾರಿಗೂ ಆಗಲಿಲ್ಲ.

5. ಫೋನಿಗೆ ಏನು ಕಾಣುತ್ತೆ, ಏನು ಕಾಣಲ್ಲ ಅಂತ ಹೇಳಿಕೊಡಿ

ಎಐ ಒಳಗೆ ಏನಿದೆ ಅಂತ ಎಲ್ಲ ವಿವರಿಸಬೇಕಾಗಿಲ್ಲ. ನಾನು ಹೀಗೆ ಹೇಳಿದೆ: "ಈ ಆ್ಯಪು ಬೇಕಾದಷ್ಟು ಎಲೆ ಫೋಟೊ ನೋಡಿದೆ. ನಮ್ಮ ಎಲೆ ಅದರಲ್ಲಿ ಯಾವುದನ್ನ ಹೋಲುತ್ತೆ ಅಂತ ಹೇಳುತ್ತೆ. ಬೇರು ನೋಡಿಲ್ಲ, ಮಣ್ಣು ಮುಟ್ಟಿಲ್ಲ, ಹೋದ ವಾರ ಏನು ಹಾಕಿದ್ವಿ ಅಂತ ಅದಕ್ಕೆ ಗೊತ್ತಿಲ್ಲ."

ಹಾಗಾಗಿ ಎಲೆ ಮೇಲೆ ಸ್ಪಷ್ಟವಾಗಿ ಕಾಣೋ ಚುಕ್ಕೆ, ಬೂದಿ ರೋಗ, ಹುಳು ಇಂಥವಕ್ಕೆ ಅದು ಚೆನ್ನಾಗಿ ಸಹಾಯ ಮಾಡುತ್ತೆ. ಸೊರಗು, ಬೇರಿನ ಗಂಟು, ನೀರಿನ ತೊಂದರೆ, ಎರಡು ಪೋಷಕಾಂಶದ ಕೊರತೆ ಒಟ್ಟಿಗೆ ಬಂದಾಗ, ಇವಕ್ಕೆ ಅದರ ಮಾತನ್ನ ಅಂದಾಜು ಅಂತಲೇ ಇಟ್ಟುಕೊಳ್ಳಿ.

ಫೋಟೊ ಸರಿಯಿಲ್ಲದಿದ್ದರೆ ಉತ್ತರವೂ ಸರಿ ಬರಲ್ಲ. ಬೆಳಗಿನ ಬೆಳಕಿನಲ್ಲಿ ಮೂರು ಫೋಟೊ ತೆಗೀರಿ: ಪೂರ್ತಿ ಗಿಡ, ಎಲೆಯ ಮೇಲ್ಮೈ, ಎಲೆಯ ಕೆಳಮೈ. ನಿಮ್ಮ ನೆರಳು ಎಲೆ ಮೇಲೆ ಬೀಳದಿರಲಿ.

ಮಾತಾಡೋ ಎಐಗೆ ಇನ್ನೊಂದು ಕಾಯಿಲೆ ಇದೆ. ಗೊತ್ತಿಲ್ಲದ್ದನ್ನೂ ಗೊತ್ತಿರೋ ಹಾಗೆ ಗಟ್ಟಿಯಾಗಿ ಹೇಳಿಬಿಡುತ್ತೆ. ನಮ್ಮ ಅಕ್ಕ ಒಂದು ದಿನ "ಹೇನು ಬಿದ್ದಿದೆ, ಏನು ಮಾಡಬೇಕು" ಅಂತ ಕೇಳಿದರು. ಅವರು ಕೇಳಿದ್ದು ಅವರೆ ಗಿಡದ ಹೇನು. ಅದು ತಲೆಗೆ ಬೇವಿನ ಎಣ್ಣೆ ಹಚ್ಚಿ ಬಾಚಿ ಅಂತ ಹೇಳಿತು! ತೋಟವೆಲ್ಲ ಬಿದ್ದು ಬಿದ್ದು ನಕ್ಕಿತು. ಆ ನಗುವಿನಿಂದ ಒಂದು ಒಳ್ಳೇದಾಯ್ತು, ಫೋನೂ ತಪ್ಪುತ್ತೆ ಅಂತ ಎಲ್ಲರಿಗೂ ಮನದಟ್ಟಾಯ್ತು. ಆವತ್ತಿನಿಂದ ಬೆಳೆ ಹೆಸರು, ಗಿಡದ ವಯಸ್ಸು, ತೊಂದರೆ ಎಲ್ಲಿದೆ, ಕೊನೇ ಸಲ ನೀರು ಯಾವಾಗ ಕೊಟ್ಟಿದ್ದು, ಇಷ್ಟನ್ನೂ ಸೇರಿಸಿ ಕೇಳ್ತೀವಿ.

ಸಾವಯವ ಪ್ರಮಾಣಪತ್ರ ಇರೋರು ಇನ್ನೂ ಹುಷಾರಾಗಿರಬೇಕು. ಎಐ ಎಷ್ಟೋ ಸಲ ರಾಸಾಯನಿಕ ಔಷಧವನ್ನೇ ಮೊದಲು ಹೇಳುತ್ತೆ. ಕೇಳುವಾಗಲೇ "ಸಾವಯವ ತೋಟ" ಅಂತ ಸೇರಿಸಿ. ಔಷಧ ಯಾವುದೇ ಇರಲಿ, ಪ್ರಮಾಣವನ್ನ ಎಐ ಮಾತಿನ ಮೇಲೆ ನಂಬಬೇಡಿ. ಲೇಬಲ್ ನೋಡಿ, ಇಲ್ಲವೇ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕರೆ ಮಾಡಿ ಕೇಳಿ. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕನ್ನಡದಲ್ಲೇ ಮಾತಾಡ್ತಾರೆ, ಕರೆ ಉಚಿತ.

6. ಕೊನೇ ಮಾತು ಯಾರದು ಅಂತ ಮೊದಲೇ ತೀರ್ಮಾನಿಸಿ

ಫೋನ್ ಒಂದು ಹೇಳಿ, ದೊಡ್ಡಕ್ಕ ಇನ್ನೊಂದು ಹೇಳಿದರೆ? ನಮ್ಮಲ್ಲಿ ಆ ಮಡಿ ನೋಡಿಕೊಳ್ಳೋರ ಮಾತೇ ನಡೆಯುತ್ತೆ. ಅನುಮಾನ ಉಳಿದರೆ ಎರಡೇ ಗಿಡದ ಮೇಲೆ ಪ್ರಯೋಗ ಮಾಡಿ ಎರಡು ದಿನ ಕಾಯ್ತೀವಿ. ಸೊರಗು ರೋಗದಂಥ ಬೇಗ ಹರಡೋದಾದರೆ ಕಾಯೋಕೆ ಆಗಲ್ಲ. ಆಗ ಆ ಸಾಲಿನ ನೀರು ನಿಲ್ಲಿಸಿ, ಲೋಟದ ಪರೀಕ್ಷೆ ಮಾಡಿ, ಅದೇ ದಿನ ಫೋನ್ ಮಾಡಿ ತಜ್ಞರನ್ನ ಕೇಳ್ತೀವಿ.

ತಪ್ಪಾದರೆ ಹೊಣೆ ಮಾತ್ರ ನನ್ನದು. ಇದನ್ನೂ ಬಾಯಿಬಿಟ್ಟು ಹೇಳಿದ್ದೀನಿ. ತೀರ್ಮಾನ ಅವರದು, ಬೈಗುಳವೂ ಅವರಿಗೇ ಅನ್ನೋ ಹಾಗಾದರೆ ಯಾರೂ ಬಾಯಿ ತೆರೆಯಲ್ಲ, ಫೋನಿನ ಮೇಲೆ ಹಾಕಿ ಸುಮ್ಮನಾಗ್ತಾರೆ.

7. ಒಪ್ಪದವರನ್ನ ಒತ್ತಾಯ ಮಾಡಬೇಡಿ

ದೊಡ್ಡಣ್ಣ ಇವತ್ತಿಗೂ ಆ ಫೋನ್ ಮುಟ್ಟಲ್ಲ. ಲೇಬಲ್ ಓದಿಸಿಕೊಂಡಿದ್ದೇ ಕೊನೆ. "ನನ್ ಕಿವಿ ಸಾಕು, ಪಂಪ್ ಸದ್ದಲ್ಲೇ ಗೊತ್ತಾಯ್ತದೆ" ಅಂತಾರೆ. ಅವರ ಮಾತು ಸುಳ್ಳಲ್ಲ. ಬೇರಿಂಗ್ ಹೋಗೋದನ್ನ ಅವರು ಎರಡು ದಿನ ಮೊದಲೇ ಹೇಳಿದ್ದಾರೆ. ಬೆಳಿಗ್ಗೆ ಫಿಲ್ಟರ್ ತೊಳೆದು, ಲ್ಯಾಟರಲ್ ತುದಿ ಬಿಚ್ಚಿ ನೋಡೋದು ಈಗ ಅವರ ದಿನದ ಕೆಲಸ. ನಮ್ಮ 38 ಗಿಡ ಉಳಿಸಬಹುದಾಗಿದ್ದು ಯಾವ ಆ್ಯಪೂ ಅಲ್ಲ, ಈ ಐದು ನಿಮಿಷದ ಕೆಲಸ. ತಂಡದ ಎಲ್ಲರೂ ಒಂದೇ ರೀತಿ ಬಳಸಬೇಕು ಅಂತ ಹಟ ಹಿಡಿಯಬೇಡಿ.

ಈಗ ಹೇಗಿದೆ

ಹೋದ ತಿಂಗಳು ದೊಡ್ಡಕ್ಕ ತಾವಾಗೇ ಫೋನ್ ಹಿಡಿದು ನನ್ನ ಹತ್ತಿರ ಬಂದರು. ಬೀನ್ಸ್ ಎಲೆ ಫೋಟೊ ತೆಗೆದಿದ್ದರು. "ಇದೇನೋ ರೋಗ ಅಂತೈತೆ ನೋಡಪ್ಪ. ರೋಗ ಅಲ್ಲ ಇದು, ನುಸಿ. ಎಲೆ ಮಗುಚಿ ತೆಗೀಲಿಲ್ಲ ನಾನು, ಅದ್ಕೇ ಅದಕ್ಕೂ ಗೊತ್ತಾಗ್ಲಿಲ್ಲ" ಅಂದರು. ಎಲೆಯ ಕೆಳಮೈ ಫೋಟೊ ಹಾಕಿದೆವು. ನುಸಿ ಅಂತಲೇ ಬಂತು. ಲೆನ್ಸ್ ಹಿಡಿದು ನೋಡಿದರೆ ನುಸಿಗಳು ಓಡಾಡ್ತಿದ್ದವು. ಪುಸ್ತಕದಲ್ಲಿ ಬರೆಸಿ, "ನನ್ ಹೆಸ್ರು ಹಾಕಿದ್ಯಾ?" ಅಂತ ಹುಡುಗನನ್ನ ಕೇಳಿ ಖಾತ್ರಿ ಮಾಡಿಕೊಂಡೇ ಅವರು ಕಳೆ ತೆಗೆಯೋಕೆ ಹೋದದ್ದು.

ಈ ವಾರ ನೀವು ಮಾಡಬೇಕಾದ್ದು

ಹೊಸ ಆ್ಯಪ್ ಏನೂ ಬೇಡ. 20 ರೂಪಾಯಿಯ ಒಂದು ನೋಟ್‌ಬುಕ್ ತಂದು ನಾಲ್ಕು ಕಾಲಂ ಎಳೀರಿ. ತೋಟದಲ್ಲಿ ಏನಾದರೂ ಕಂಡಾಗ, ಫೋನ್ ತೆಗೆಯೋ ಮುಂಚೆ, ಅಲ್ಲಿ ಕೆಲಸ ಮಾಡೋ ಹಿರಿಯರನ್ನ "ನಿಮಗೇನನ್ಸುತ್ತೆ?" ಅಂತ ಕೇಳಿ ಬರೆದುಕೊಳ್ಳಿ. ಅವರ ಮಾತು ಮುಗಿಯೋವರೆಗೆ ಫೋನ್ ಜೇಬಿನಲ್ಲೇ ಇರಲಿ.